ಮೂರನೆಯ ಬಾಗಿಲು

"ಅಯ್ಯೋ, ಗೋಡೆ ತುಳೀಬೇಡ್ರೀ!" ಎಂದು ಇಂಜಿನಿಯರಮ್ಮ ಕೂಗಿದಾಗ ಬಯಲಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಗದೆ ಇನ್ನೇನು? ಗೋಡೆ ಎಂದರೆ ನೆಲದ ಮೇಲೆ ಎಳೆದ ಸುಣ್ಣದ ಪುಡಿಯ ಗೆರೆ. ಕಟ್ಟಲಿರುವ ವಸತಿ ಸಮುಚ್ಚಯದ ಒಂದು ಮನೆಯನ್ನು ಅವಳು ನಿಜವಾದ ಅಳತೆಯಲ್ಲೇ ಬಯಲಿನಲ್ಲಿ ಬರೆದಿದ್ದಳು: ಹದಿನಾಲ್ಕು ಅಡಿಗೆ ಇಪ್ಪತ್ತೆರಡು ಅಡಿ. ನಾಳೆ ಅಲ್ಲಿ ಬಾಳುವವರೇ ಒಮ್ಮೆ ಓಡಾಡಿ ನೋಡಲಿ ಎಂಬ ಆಸೆ. ತಾನು ಇಂಜಿನಿಯರ್ ಅಲ್ಲ, ಆರ್ಕಿಟೆಕ್ಟ್ ಎಂದು ಹೇಳಿ ಹೇಳಿ ಬಾಯಿ ನೋಯಿಸಿಕೊಂಡು, ಕೊನೆಗೆ ಏನಾದರೂ ಕರೆದುಕೊಳ್ಳಲಿ ಎಂದು ಸುಮ್ಮನಾಗಿದ್ದಳು. ಮಧ್ಯಾಹ್ನ ಮೂರಕ್ಕೆ ನಕ್ಷೆ ಸಮಿತಿಯ ಮುಂದೆ ಹೋಗಬೇಕು. ಅಲ್ಲಿ ಮುದ್ರೆ ಬಿತ್ತೆಂದರೆ ಇನ್ನೂರ ನಲವತ್ತು ಮನೆಗಳೂ ಹೀಗೆಯೇ. ಆಮೇಲೆ ಒಂದು ಅಂಗುಲವೂ ಅತ್ತಿತ್ತ ಆಗುವಂತಿಲ್ಲ.

ಬಂದವರು ನೋಡಿದರು, ತಲೆದೂಗಿದರು, ಹೋದರು. ಒಬ್ಬ ಹೆಂಗಸು ಮಾತ್ರ ಹೋಗಲಿಲ್ಲ. ಗಾರೆ ಕೆಲಸದವಳು, ಸೀರೆಯ ಅಂಚಿನಲ್ಲಿ ಒಣಗಿದ ಸಿಮೆಂಟು, ಪಕ್ಕದಲ್ಲಿ ಹದಿನಾಲ್ಕು ವರ್ಷದ ಮಗಳು. ಉಳಿದವರೆಲ್ಲ ಎಲ್ಲೆಂದರಲ್ಲಿ ಗೆರೆ ದಾಟಿ ನುಗ್ಗಿದ್ದರೆ, ಈಕೆ ಬಾಗಿಲಿನ ಗುರುತು ಹುಡುಕಿ ಅದರಲ್ಲೇ ಒಳಗೆ ಬಂದಳು. ಅಷ್ಟಕ್ಕೇ ಇಂಜಿನಿಯರಮ್ಮನಿಗೆ ಅವಳ ಮೇಲೆ ಅಕ್ಕರೆ ಹುಟ್ಟಿತು.

"ನೋಡಿ ಅಕ್ಕ, ಇದು ಹಾಲ್. ಮಧ್ಯೆ ಗೋಡೆನೇ ಇಲ್ಲ. ಈ ಕಿಟಕೀಲಿ ಬಂದ ಗಾಳಿ ಆ ಕಿಟಕೀಲಿ ಹೋಗುತ್ತೆ" ಎಂದಳು ಹುರುಪಿನಿಂದ. ಹಳೆಯ ನಕ್ಷೆಯಲ್ಲಿದ್ದ ಆ ಗೋಡೆ ತೆಗೆಸಲು ಆಫೀಸಿನಲ್ಲಿ ಆರು ತಿಂಗಳು ಗುದ್ದಾಡಿದ್ದಳು. ಕತ್ತಲೆಯ ಎರಡು ಗೂಡುಗಳ ಬದಲು ಬೆಳಕು ತುಂಬಿದ ಒಂದು ದೊಡ್ಡ ಕೋಣೆ. ಇಡೀ ನಕ್ಷೆಯಲ್ಲಿ ಅವಳ ಜೀವ ಇದ್ದದ್ದೇ ಅದರಲ್ಲಿ.

ಹೆಂಗಸು ಸುತ್ತ ಕಣ್ಣಾಡಿಸಿದಳು. "ಚೆನ್ನಾಗಿದೆ ಇಂಜಿನಿಯರಮ್ಮ. ಗಾಳಿ ಬೆಳಕಿಗೆ ಏನೂ ಕೊರತೆ ಇಲ್ಲ. ಆದ್ರೆ ಇವಳು ಬಟ್ಟೆ ಎಲ್ಲಿ ಬದಲಾಯಿಸ್ಬೇಕು?"

"ಅಮ್ಮಾ!" ಮಗಳ ಮುಖ ಕೆಂಪಾಯಿತು.

"ಸುಮ್ನಿರೇ. ನಾವು ಹೇಳ್ದೆ ಇದ್ರೆ ಅವ್ರಿಗೆ ಹೇಗೆ ಗೊತ್ತಾಗ್ಬೇಕು?"

"ಅದಕ್ಕೇ ಇಲ್ಲೊಂದು ಪರದೆ ಹಾಕೋಣ ಅಂತ..."

"ಪರದೆ ನಮ್ಮನೇಲಿ ಈಗ್ಲೇ ಇದೆ" ಎಂದಳು ಹುಡುಗಿ, ನೆಲ ನೋಡುತ್ತಾ. ಬಂದಾಗಿನಿಂದ 'ಅಮ್ಮಾ' ಎಂದದ್ದು ಬಿಟ್ಟರೆ ಅವಳು ಆಡಿದ ಮೊದಲ ಮಾತು ಅದು.

"ನನ್ನ ಹಳೇ ಸೀರೆ" ಎಂದಳು ತಾಯಿ. "ಇವಳು ಅದರ ಹಿಂದೆ ಹೋದ್ರೆ ಇವಳಪ್ಪ, ಅಣ್ಣ ಇಬ್ರೂ ಎದ್ದು ಬೀದಿಗೆ ಹೋಗ್ತಾರೆ. ಪಾಪ, ಒಳ್ಳೆಯವ್ರೇ. ಉಣ್ತಾ ಇದ್ದವ್ರು ಕೈಯಲ್ಲಿ ತಟ್ಟೆ ಹಿಡ್ಕೊಂಡು ಹೋಗಿದ್ದೂ ಉಂಟು. ಆದ್ರೆ ಅವ್ರು ಹೊರಗೆ ನಿಂತ ಕೂಡ್ಲೇ ಇಡೀ ಬೀದಿಗೆ ಗೊತ್ತಾಗುತ್ತೆ, ಒಳಗೆ ಇವಳು ಬಟ್ಟೆ ಬದಲಾಯಿಸ್ತಿದ್ದಾಳೆ ಅಂತ."

"ಇಲ್ಲಿ ಬಚ್ಚಲು ಇರುತ್ತಲ್ಲ ಅಕ್ಕ?"

"ಬಟ್ಟೆಗೇನೋ ಬಚ್ಚಲಾಯ್ತು. ಹೊಟ್ಟೆ ನೋವು ಬಂದ್ರೆ? ಅಳು ಬಂದ್ರೆ? ಎಲ್ಲಾದಕ್ಕೂ ಬಚ್ಚಲಿಗೇ ಓಡ್ಬೇಕಾ?"

ಇಂಜಿನಿಯರಮ್ಮ ಹುಡುಗಿಯತ್ತ ನೋಡಿದಳು. ಇದೇ ವಯಸ್ಸಿನಲ್ಲಿ ತಾನು ಧಡಾರನೆ ಬಾಗಿಲು ಹಾಕಿಕೊಂಡು ಅಮ್ಮನ ಜೊತೆ ಠೂ ಬಿಟ್ಟ ದಿನಗಳಿಗೆ ಲೆಕ್ಕವೇ ಇಲ್ಲ. ಠೂ ಬಿಡಲಿಕ್ಕೂ ಒಂದು ಬಾಗಿಲು ಬೇಕೆಂದು ಅವಳಿಗೆ ಇದುವರೆಗೆ ಹೊಳೆದಿರಲಿಲ್ಲ.

"ಗೋಡೆ ಹಾಕಿದ್ರೆ ಗಾಳಿ ನಿಂತು ಹೋಗುತ್ತೆ" ಎಂದಳು ಕೊನೆಗೆ. "ಅಲ್ಲದೆ ಒಂದು ಮನೆಗೆ ಮೂರೇ ಬಾಗಿಲು ಅಂತ ನಿಯಮ. ಮುಂಬಾಗಿಲು, ಬಚ್ಚಲು, ಅಡುಗೆಮನೆ. ನಾಲ್ಕನೇದು ಕೇಳಿದ್ರೆ ಇಡೀ ನಕ್ಷೆನೇ ವಾಪಸ್ ಕಳಿಸ್ತಾರೆ."

ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಕ್ಕಳು. "ಅಡುಗೆಮನೆಗ್ಯಾಕೆ ಬಾಗಿಲು? ನಾನೇನು ಪಾತ್ರೆಗಳನ್ನ ಒಳಗೆ ಕೂಡಿ ಹಾಕ್ತೀನಾ? ಅದನ್ನ ತೆಗೆದು ಇಲ್ಲಿಗೆ ಹಾಕಿ. ಘಾಟು ಬಂದ್ರೆ ನಾಲ್ಕೂ ಜನ ಒಟ್ಟಿಗೆ ಕೆಮ್ಮಿದ್ರಾಯ್ತು. ಅರ್ಧ ಇಟ್ಟಿಗೆ ದಪ್ಪದ ಗೋಡೆ ಸಾಕು, ಏಳಡಿಗೆ ನಿಲ್ಲಿಸಿ. ಮೇಲೆ ಗಾಳಿ ತನ್ನ ಪಾಡಿಗೆ ತಾನು ಹೋಗುತ್ತೆ. ಇಪ್ಪತ್ತು ವರ್ಷದಿಂದ ಇಟ್ಟಿಗೆ ಹೊರ್ತಿದ್ದೀನಿ, ಇಷ್ಟೂ ಗೊತ್ತಾಗಲ್ವಾ?"

ಇಂಜಿನಿಯರಮ್ಮನಿಗೆ ಆರು ತಿಂಗಳ ಗುದ್ದಾಟ ನೆನಪಾಯಿತು. ತಾನೇ ಬೇಡವೆಂದು ತೆಗೆಸಿದ ಗೋಡೆಯನ್ನು ತಾನೇ ಬೇಕೆಂದು ಕೇಳಲು ಹೋದರೆ ಸಮಿತಿಯವರು ಮುಸಿಮುಸಿ ನಗುವುದಂತೂ ಖಂಡಿತ. ನಗಲಿ ಬಿಡು, ನಕ್ಕರೆ ಗಂಟೇನು ಹೋಗುತ್ತೆ ಎಂದುಕೊಂಡಳು. ನಕ್ಷೆ ತಿದ್ದಲು ಇನ್ನೂ ನಾಲ್ಕು ಗಂಟೆಗಳಿದ್ದವು. ಅಡುಗೆಮನೆಯ ಬಾಗಿಲಿನ ಗುರುತನ್ನು ಕಾಲಿನಿಂದ ಉಜ್ಜಿ ಅಳಿಸಿದಳು. ಒಂದು ಹಿಡಿ ಸುಣ್ಣದ ಪುಡಿ ತೆಗೆದುಕೊಂಡು, ಬಗ್ಗಿ, ತನ್ನ ಪ್ರೀತಿಯ ಹಾಲಿನ ನಟ್ಟನಡುವೆ ಗೆರೆ ಎಳೆದಳು. ಬಾಗಿಲಿಗೆಂದು ಎರಡೂವರೆ ಅಡಿ ಬಿಟ್ಟಳು.

ಹುಡುಗಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಆ ಎರಡೂವರೆ ಅಡಿಯಲ್ಲಿ ಒಳಗೆ ಹೋದಳು, ತಿರುಗಿದಳು, ಇಲ್ಲದ ಬಾಗಿಲನ್ನು ಅಂಗೈಯಿಂದ ಮೆಲ್ಲಗೆ ತಳ್ಳಿದಳು. ತುದಿಗಾಲಲ್ಲಿ ನಿಂತು ಇಲ್ಲದ ಚಿಲಕವನ್ನೂ ಹಾಕಿದಳು. ಆಮೇಲೆ ಕಿಟಕಿಯ ಗುರುತಿನ ಕಡೆ ಮುಖ ಮಾಡಿ, ಮಂಡಿ ಮಡಚಿ ಕುಳಿತುಬಿಟ್ಟಳು.

"ಬಾರೇ, ಹೊತ್ತಾಯ್ತು, ಕೆಲಸಕ್ಕೆ ಹೋಗ್ಬೇಕು" ಎಂದು ತಾಯಿ ಕರೆದಳು. ಹುಡುಗಿ ಕಿಟಕಿಯ ಕಡೆಯೇ ನೋಡುತ್ತಿದ್ದಳು. "ಕಿವಿ ಕೇಳ್ಸಲ್ವೇನೇ?" ಎನ್ನುತ್ತಾ ದಡದಡ ಹೋದವಳು ಗೆರೆ ದಾಟಲು ಕಾಲೆತ್ತಿದಳು. ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟಳು. ಬಾಗಿಲಿನ ಜಾಗಕ್ಕೆ ಬಂದು, ಬೆರಳು ಮಡಚಿ, ಗಾಳಿಯಲ್ಲಿ ಎರಡು ಸಲ ತಟ್ಟಿದಳು.

"ಒಳಗೆ ಬರ್ಲೇನೇ?"

"ಸ್ವಲ್ಪ ತಡಿ ಅಮ್ಮ" ಎಂದಳು ಮಗಳು.

ಬಟಾಬಯಲಿನಲ್ಲಿ ಇಬ್ಬರು ಹೆಂಗಸರೂ ಹೊರಗೆ ಕಾದು ನಿಂತರು.