ಬಳ್ಳಿಗೆ ಹೊಡೆದ ಮಜ್ಜಿಗೆ ಸಾರು

ಟೀವಿಯವರು ಅಕ್ಕವ್ವನ ಕೈಯೊಳಗಿನ ಕತ್ತರಿ ಇಸಿದುಕೊಂಡು ಅವಳ ಗಂಡ ಧರೆಪ್ಪನ ಕೈಗಿಟ್ಟರು. ಅಕ್ಕವ್ವನಿಗೊಂದು ಮೊರ ಕೊಟ್ಟು ಕಟ್ಟೆಯ ಮೇಲೆ ಕೂರಿಸಿದರು. ಮೊರದಲ್ಲಿ ಒಂದು ಕಾಳೂ ಇರಲಿಲ್ಲ. ಪರವಾಗಿಲ್ಲ, ದೂರದಿಂದ ಕಾಣುವುದಿಲ್ಲ, ಸುಮ್ಮನೆ ಕೇರುತ್ತಿರಿ ಎಂದರು ಕಪ್ಪು ಕನ್ನಡಕದ ಸಾಹೇಬರು. ರೈತ ಎಂದರೆ ಹೇಗಿರಬೇಕು, ರೈತನ ಹೆಂಡತಿ ಎಂದರೆ ಹೇಗಿರಬೇಕು ಎಂಬುದನ್ನು ಅವರು ಬೆಂಗಳೂರಿನಿಂದಲೇ ಗೊತ್ತುಮಾಡಿಕೊಂಡು ಬಂದಿದ್ದರು.

ಆ ದ್ರಾಕ್ಷಿ ತೋಟ ಅಕ್ಕವ್ವನ ಕೈಯ ದುಡಿಮೆ ಎಂಬುದು ಅಥಣಿ ಸೀಮೆಗೆಲ್ಲ ಗೊತ್ತು. ತಾಸಗಾಂವದ ತವರಿನಲ್ಲಿ ಬಳ್ಳಿಗಳ ನಡುವೆಯೇ ಬೆಳೆದವಳು. ಕೊಂಬೆ ಸವರುವುದರಿಂದ ಹಿಡಿದು ಔಷಧ ಹೊಡೆಯುವವರೆಗೆ ಎಲ್ಲ ಅವಳದೇ. ಧರೆಪ್ಪನಿಗೆ ತೋಟದಲ್ಲಿ ಗೊತ್ತಿದ್ದದ್ದು ನೆರಳು ಎಲ್ಲಿದೆ ಎಂಬುದಷ್ಟೇ. ಆದರೆ ಒಲೆಯ ಮುಂದೆ ಕೂತನೋ, ಆಹಾ! ಊರಿನ ಮದುವೆಗಳಲ್ಲಿ ಅವನ ಕೈಯ ಮಜ್ಜಿಗೆ ಸಾರು ಇಲ್ಲದಿದ್ದರೆ ಬೀಗರು ಮುಖ ಗಂಟು ಹಾಕುತ್ತಿದ್ದರು. ಹೀಗೆ ಇಬ್ಬರ ಸಂಸಾರ ಸುಸೂತ್ರವಾಗಿ ನಡೆದಿತ್ತು.

ಸಾಹೇಬರು ಧರೆಪ್ಪನ ಮೂತಿಗೆ ಮೈಕು ಹಿಡಿದು, ಬಳ್ಳಿಗೆ ಬೂದಿ ರೋಗ ಬಂದರೆ ಏನು ಹೊಡೆಯುತ್ತೀರಿ ಎಂದು ಕೇಳಿದರು. ಧರೆಪ್ಪ ಹೆಂಡತಿಯ ಕಡೆ ನೋಡಿದ. ಅಕ್ಕವ್ವ ಕಟ್ಟೆಯಿಂದ ಏನೋ ಹೇಳಹೋದಳು. ಮೊರ ನಿಲ್ಲಿಸಬೇಡಿ ಎಂದು ಅವಳನ್ನು ಗದರಿದರು. ಬೇರೆ ಗತಿಯಿಲ್ಲದೆ ಧರೆಪ್ಪ ತನಗೆ ಬಾಯಿಪಾಠವಿದ್ದದ್ದನ್ನೇ ಒಪ್ಪಿಸಿಬಿಟ್ಟ.

"ಹುಳಿ ಮಜ್ಜಿಗಿ ತಗೋಬೇಕ್ರಿ. ಅರಿಷಿಣ, ಬೆಳ್ಳೊಳ್ಳಿ ಜಜ್ಜಿ ಹಾಕಬೇಕ್ರಿ. ಚೂರ ಇಂಗು. ಮ್ಯಾಲ ಸಾಸಿವಿ ಒಗ್ಗರಣಿ. ಉಕ್ಕಿಸಬಾರದ್ರಿ, ಅಷ್ಟ ಕಾಳಜಿ."

ಸಾಹೇಬರು ತಲೆದೂಗಿ, ಇದೇ ನಮ್ಮ ನೆಲದ ಜ್ಞಾನ ಎಂದು ಹೇಳಿ ಜೀಪು ಹತ್ತಿದರು.

ಮುಂದಿನ ವಾರ ಊರಿನಲ್ಲಿದ್ದ ನಾಲ್ಕೈದು ಟೀವಿಗಳ ಮುಂದೆ ಜನವೋ ಜನ. ಹಿಂದೆ ಕೊಳಲಿನ ನಾದ, ಮುಂದೆ ಪಟಗಾ ಸುತ್ತಿದ ಧರೆಪ್ಪ, ಹೆಸರಿನ ಕೆಳಗೆ 'ಪ್ರಗತಿಪರ ರೈತ' ಎಂಬ ಬಿರುದು. ಮರುದಿನ ಊರಲ್ಲಿ ಒಂದು ಲೋಟ ಮಜ್ಜಿಗೆ ಸಿಗಲಿಲ್ಲ. ಅವನು ಬಡಿಸಿದ ಸಾರನ್ನು ಸೊರ್ರೆಂದು ಕುಡಿದ ಮಂದಿಯೇ ಅದನ್ನು ಪಂಪಿಗೆ ತುಂಬಿ ಬಳ್ಳಿಗಳಿಗೆ ಹೊಡೆದರು. ಗಾಳಿ ಬೀಸಿದರೆ ಸಾಕು, ದಾರಿಹೋಕರಿಗೆ ಹಸಿವಾಗುತ್ತಿತ್ತು.

ಪಕ್ಕದ ತೋಟದ ಬಾಬಾಸಾಹೇಬ ಮೊನ್ನೆಮೊನ್ನೆಯವರೆಗೆ ರೋಗದ ಎಲೆ ಕಿತ್ತು ತಂದು ಅಕ್ಕವ್ವನಿಗೇ ತೋರಿಸುತ್ತಿದ್ದವನು. ಈಗ ಅಂಗಳದಲ್ಲಿದ್ದ ಅವಳನ್ನು ದಾಟಿಕೊಂಡು, ಅಣ್ಣಾ ಎಲ್ಲಿ ಎಂದು ಕೇಳಿದ. ಇಂಗು ಎಷ್ಟು ಹಾಕಬೇಕೆಂದು ತಿಳಿದುಕೊಳ್ಳಬೇಕಿತ್ತಂತೆ.

"ಅದು ಮಜ್ಜಿಗಿ ಸಾರಪ್ಪಾ. ಅನ್ನದ ಮ್ಯಾಲ ಹಾಕ್ಕೊಂಡ ಉಣ್ಣೂದು," ಎಂದಳು ಅಕ್ಕವ್ವ.

ಬಾಬಾಸಾಹೇಬ ಕನಿಕರದಿಂದ ನಕ್ಕ. "ವೈನಿ, ನೀವು ಕಾಳ ಕೇರೂದ ಟೀವಿಯೊಳಗ ನಾನೂ ನೋಡೇನ್ರಿ. ತ್ವಾಟದ ಮಾತ ನಿಮಗ್ಯಾಕ?"

ಅಕ್ಕವ್ವನಿಗೆ ಮೈಯೆಲ್ಲ ಉರಿದುಹೋಯಿತು. ಊರವರ ಬಳ್ಳಿ ಏನಾದರೂ ಆಗಲಿ, ಹೂವಿಗೆ ಬಂದಿರುವ ತನ್ನ ತೋಟ ಉಳಿದರೆ ಸಾಕು ಎಂದುಕೊಂಡು ಔಷಧದ ಡಬ್ಬಿ ಹಿಡಿದು ಬಿರಬಿರನೆ ಹೊರಟಳು. ಅಲ್ಲಿ ಹೋಗಿ ನೋಡಿದರೆ ಧರೆಪ್ಪ! ಬೆನ್ನಿಗೆ ಪಂಪು ಕಟ್ಟಿಕೊಂಡು ಆಗಲೇ ಮೊದಲ ಸಾಲು ಮುಗಿಸಿದ್ದ. ಎಲೆಗಳಿಂದ ಹಳದಿ ಮಜ್ಜಿಗೆ ತೊಟ್ಟಿಕ್ಕುತ್ತಿತ್ತು, ಹೂಗೊಂಚಲಿಗೆಲ್ಲ ಸಾಸಿವೆ ಅಂಟಿತ್ತು. ಅವಳಿಗೆ ಅಳುವೇ ಬಂತು.

"ಊರ ಮಂದಿಗಿ ತಿಳಿಯಂಗಿಲ್ಲ, ಬಿಡ್ರಿ. ಅದು ಸಾರ ಅಂತ ನಿಮಗ ಗೊತ್ತಿಲ್ಲೇನ್ರಿ? ಹೇಳಿದವರ ನೀವು."

ಧರೆಪ್ಪ ಪಂಪಿನ ಹಿಡಿಕೆ ಒತ್ತುವುದನ್ನು ನಿಲ್ಲಿಸದೆಯೇ ಹೇಳಿದ:

"ನನಗೂ ಮೊದಲ ಹಂಗ ಅನಸಿತ್ತ. ಆದ್ರ ನಾ ಹೇಳಿದ್ದ ಸುಳ್ಳಿದ್ರ, ಅವರು ಟೀವಿಯೊಳಗ ತೋರಸ್ತಿದ್ರೇನು?"