ಗಂಜಿ ಕುಡಿದು ಉಬ್ಬಿದ ರವಿಕೆ

"ಹನ್ನೆರಡು ಕೆಜಿ ಇಳಿಸೀನಿ ದಾದಾಪೀರಣ್ಣ! ನಾಳೆ ತಂಗಿ ಮದುವಿ, ಈ ರವಿಕಿ ಒಳಗ ಇನ್ನೊಬ್ಬಾಕಿ ಹಿಡೀತಾಳ," ಎಂದಳು ಶಿವಲೀಲಾ.

ಟೈಲರ್ ದಾದಾಪೀರ್ ರವಿಕೆಯ ನಾಡಿ ಹಿಡಿದು ನೋಡಿದ.

"ಇದಕ್ಕ ದಿನಾ ಎಷ್ಟು ಗಂಜಿ ಕುಡಿಸ್ತೀರಿ?"

"ನಾ ಅನ್ನ ಬಿಟ್ಟೀನಲ್ಲ, ನನ್ನ ಪಾಲಿಂದೂ ಇದಕ್ಕ ಹಾಕ್ತೀನಿ."

"ಉಬ್ಬದ ಇನ್ನೇನು ಮಾಡತೈತಿ? ಬೆಳಿಗ್ಗೆತನಕ ಉಪವಾಸ ಕೆಡವ್ರಿ."

ರವಿಕೆ ಮುನಿಸಿಕೊಂಡು ತೋಳು ಮುದುರಿತು. ಅದನ್ನೇ ತೊಟ್ಟು ಹೊರಟ ಶಿವಲೀಲಾ ಬೆಣ್ಣೆದೋಸೆ ಹೋಟೆಲಿನ ಮುಂದೆ ಎಂದಿನಂತೆ ಮುಖ ತಿರುಗಿಸಿಕೊಂಡಳು. ಆದರೆ ಹಸಿದ ರವಿಕೆ ಅವಳನ್ನು ದರದರನೆ ಒಳಗೆಳೆದು ಬೆಂಚಿನ ಮೇಲೆ ಕೂರಿಸಿಯೇಬಿಟ್ಟಿತು.

ಮೂರು ತಿಂಗಳ ಮೇಲೆ ಮೂಗಿಗೆ ಬೆಣ್ಣೆಯ ಘಮ ಬಡಿಯಿತು. ಶಿವಲೀಲಾಳಿಗೆ ನಗು ತಡೆಯಲಾಗಲಿಲ್ಲ.

"ಎರಡು ದೋಸಿ ತರ್ರಿ, ಎರಡೂ ನನಗ!" ಎಂದು ಕೂಗಿ ರವಿಕೆಯ ತೋಳು ತಟ್ಟಿದಳು. "ನಿನಗ ಉಪವಾಸ. ನೀ ಇಳಿ, ನಾ ಏರ್ತೀನಿ; ಬೆಳಗಾಗೂದ್ರಾಗ ನಡುದಾರ್ಯಾಗ ಎಲ್ಲೋ ಇಬ್ಬರ ಅಳತಿ ಕೂಡತೈತಿ."