ಸನ್ನೆಯ ನಗು

"ನಮ್ಮಮ್ಮನ ವಿಷಯ ಟೀವಿಯಲ್ಲಿ ಹೇಳೋಕೆ ನಿಮಗೆ ನಾಚಿಕೆ ಆಗ್ಲಿಲ್ವಾ?" ಕೊರಿಯಾದ ಸೋಲ್ ನಗರದ ಟೀವಿ ಸ್ಟುಡಿಯೊ ಬಾಗಿಲಲ್ಲಿ ಓಕ್‌ಬುನ್ ಗಂಡನ ಕೋಟು ಹಿಡಿದು ಜಗ್ಗಿದಳು.

"ಸುಮ್ನಿರೇ, ಎಲ್ರೂ ನಕ್ರು, ಮುಗೀತು," ಎಂದ ಪಿಲ್‌ಸು, ಮುಖದ ಪೌಡರ್ ಒರೆಸಿಕೊಳ್ಳುತ್ತ.

ಓಕ್‌ಬುನ್ ಆ ಹರಟೆ ಕಾರ್ಯಕ್ರಮದಲ್ಲಿ ಕೂಲಿಗೆ ಕೂತು ನಗುವ ಹೆಂಗಸು. ನಿರ್ದೇಶಕರ ಸಹಾಯಕಿ ಕೈ ಎತ್ತಿದರೆ ಮುಂದಿನ ಸಾಲಿನವರೆಲ್ಲ ಒಟ್ಟಿಗೆ ನಗಬೇಕು. ಇಂದು ಗಂಡನನ್ನು ಅತಿಥಿಯಾಗಿ ಸೇರಿಸಿದವಳೂ ಅವಳೇ. ಅವನು ಕ್ಯಾಮೆರಾ ಮುಂದೆ, "ಮನೇಲಿ ಸಿನಿಮಾ ನೋಡುವಾಗ ಯಾವ ಮುದುಕಿ ಸತ್ತರೂ ಇವಳು ಟೀವಿಗೇ ಕೈಮುಗಿದು, 'ಅಮ್ಮಾ, ನಾನು ಬರ್ಲಿಲ್ಲ, ಕ್ಷಮಿಸು' ಅಂತ ಗೋಳಾಡ್ತಾಳೆ," ಎಂದು ಅವಳದೇ ದನಿಯಲ್ಲಿ ಅಣಕಿಸಿದ್ದ. ತಾಯಿ ಸತ್ತ ದಿನ ಅವಳು ಗಂಡನ ಮನೆಯ ಹಿರಿಯರ ಎಡೆಗೆ ಅಡುಗೆ ಮಾಡುತ್ತ ಉಳಿದಿದ್ದಳು. ಆ ಸಂಕಟ ಹೇಳಿಕೊಂಡದ್ದು ಇವನೊಬ್ಬನಿಗೆ.

"ನೀನೂ ನಕ್ಕೆ ಕಣೇ! ಎಲ್ಲರಿಗಿಂತ ಜೋರಾಗಿ!"

ನಿಜ. ಸಹಾಯಕಿಯ ಕೈ ಮೇಲೆದ್ದಿತ್ತು, ಅವಳ ಬಾಯಿ ತಾನಾಗಿ ನಕ್ಕುಬಿಟ್ಟಿತ್ತು.

"ನಗೋದು ನನ್ನ ಕೆಲಸ. ನಿನಗೇನಾಗಿತ್ತೋ?"

ಇಷ್ಟು ವರ್ಷಗಳಲ್ಲಿ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಒಳಗಿನಿಂದ ಮುಂದಿನ ಭಾಗಕ್ಕೆ ಕರೆ ಬಂತು. ಓಕ್‌ಬುನ್ ಕೊರಳಿನ ಗುರುತಿನ ಚೀಟಿ ಕಳಚಿ ಅವನ ಕೈಗೆ ತುರುಕಿ ಬೀದಿಗಿಳಿದಳು. ಅವಳು ಸ್ಟುಡಿಯೊಗೂ ಮರಳಲಿಲ್ಲ, ಮನೆಗೂ ಮರಳಲಿಲ್ಲ.